‘ಗ್ರಂಥಪಾಲರು’ ಎಂಬ ಬಹುವಚನ

‘ಹೆಣ್ಣುಮಕ್ಕಳಿಗೆ ಒಪ್ಪುವ ಉದ್ಯೋಗ’ ಎಂಬ ಮಾತೊಂದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹಿಂದೆ ಅದು ಶಾಲೆಯ ಶಿಕ್ಷಕಿಯ ಕೆಲಸಕ್ಕೆ ಸಲ್ಲುತ್ತಿತ್ತು. ಬಳಿಕ ದಾದಿಯ ಕೆಲಸಕ್ಕೂ ಸಂದಿತು. ಈಗ ಗ್ರಂಥಪಾಲಕಿಯ ಕೆಲಸಕ್ಕೂ ಅದೇ ಬಿರುದು ದೊರೆತಿದೆ. ಕನ್ನಡ ಓದಿದವರಿಗೆ ಉದ್ಯೋಗದ ಹಾದಿ ಅಷ್ಟೇನೂ ಅಗಲವಾಗಿಲ್ಲದ ನಮ್ಮ ಗಡಿನಾಡಿನಲ್ಲಿ, ಪದವಿ ಮುಗಿಸಿದ ಮಗಳು ಗ್ರಂಥಾಲಯ ವಿಜ್ಞಾನವನ್ನು ಕಲಿಯಲು ಹೊರಟಳೆಂದರೆ ಹಿರಿಯರ ಮುಖದಲ್ಲಿ ನೆಮ್ಮದಿ ಮೂಡುವುದು ಸಹಜವೇ ಸರಿ. ನೆರಳಿನಲ್ಲಿ ಕುಳಿತು ಮಾಡುವ ಕೆಲಸ, ಗದ್ದಲವಿಲ್ಲ, ಪುಸ್ತಕಗಳ ಸಹವಾಸ ಎಂದು ನಾವು ಲೆಕ್ಕ ಹಾಕುತ್ತೇವೆ. ಅದೇ ಕಲಿಕೆಗೆ ಮಗನು ಹೊರಟನೆಂದರೆ ಮಾತ್ರ, ‘ಬೇರೆ ಯಾವುದೂ ಸಿಗಲಿಲ್ಲವೇ?’ ಎಂಬ ಪ್ರಶ್ನೆ ಜಗಲಿಯಿಂದಲೇ ಏಳುತ್ತದೆ.

ಕೆಲಸ ಒಂದೇ, ಉತ್ತರಗಳು ಎರಡು. ಹೆಣ್ಣೆಂದೂ ಗಂಡೆಂದೂ ಸಮಾಜವು ಹಾಕಿಟ್ಟ ಎರಡು ಖಾನೆಗಳಲ್ಲಿ ಯಾವುದಕ್ಕೂ ಹೊಂದದ ಮಗುವೊಂದು ಅದೇ ಆಸೆಯನ್ನು ಮುಂದಿಟ್ಟರೆ ನಮ್ಮ ಉತ್ತರವೇನು ಎಂಬುದನ್ನಂತೂ ನಾವು ಇನ್ನೂ ಯೋಚಿಸಿಯೇ ಇಲ್ಲ. ಆದುದರಿಂದ ಈ ತಿಂಗಳು ಆ ಮಾತನ್ನೇ ಎತ್ತಿಕೊಂಡು, ಅದು ಎಲ್ಲಿಂದ ಬಂತು, ಯಾರಿಗೆ ಏನನ್ನು ಕೊಟ್ಟಿತು, ಯಾರಿಂದ ಏನನ್ನು ಕಸಿದುಕೊಂಡಿತು ಎಂಬುದನ್ನು ಓದುಗರೊಡನೆ ವಿಚಾರಿಸಿ ನೋಡೋಣವೆಂದಿದ್ದೇವೆ.

ಮೊದಲಿಗೆ ಕೆಲಸದ ಸ್ವರೂಪವನ್ನು ನೋಡೋಣ. ಗ್ರಂಥಪಾಲರು ಪುಸ್ತಕವನ್ನು ಆರಿಸಬೇಕು, ಕೊಳ್ಳಬೇಕು, ದಾಖಲೆಗೆ ಏರಿಸಬೇಕು. ವಿಷಯವನ್ನರಿತು ವರ್ಗದ ಸಂಖ್ಯೆಯನ್ನು ಕೊಡಬೇಕು. ಸೂಚಿಯಲ್ಲಿ ಅದರ ಹೆಸರು, ಕರ್ತೃವಿನ ಹೆಸರು ತಪ್ಪದೆ ಸಿಗುವಂತೆ ಬರೆದಿಡಬೇಕು. ಕಪಾಟುಗಳನ್ನು ಗೆದ್ದಲಿನಿಂದಲೂ ಮಳೆಗಾಲದ ಬೂಷ್ಟಿನಿಂದಲೂ ಕಾಯಬೇಕು. ಪುಸ್ತಕದ ಕಟ್ಟುಗಳನ್ನು ಹೊತ್ತು ಏಣಿ ಹತ್ತಬೇಕು. ಹಣದ ಲೆಕ್ಕ ಒಪ್ಪಿಸಬೇಕು, ಸಮಿತಿಯೊಡನೆ ವಾದಿಸಬೇಕು, ಬಂದ ಓದುಗನ ಮನಸ್ಸನ್ನು ಅವನು ಬಾಯಿ ಬಿಡುವ ಮೊದಲೇ ಅರಿಯಬೇಕು. ಇವುಗಳಲ್ಲಿ ಯಾವುದು ಹೆಣ್ಣಿನ ಕೆಲಸ, ಯಾವುದು ಗಂಡಿನ ಕೆಲಸ? ಹುಡುಕಿದರೂ ಸಿಗದು. ಹಾಗಿರುವಾಗ ಈ ವೃತ್ತಿಗೆ ಒಂದು ಲಿಂಗ ಅಂಟಿಕೊಂಡುದು ಹೇಗೆ? ಅದರ ಕಥೆ ನಡೆದುದು ಮುಖ್ಯವಾಗಿ ಅಮೆರಿಕದಲ್ಲಿ. ಲೋಕದ ನಾನಾ ಕಡೆಗೆ ಹಬ್ಬಿದ ಗ್ರಂಥಾಲಯ ಪದ್ಧತಿಯ ಬಹುಭಾಗವು ರೂಪುಗೊಂಡುದು ಅಲ್ಲಿಯೇ ಆದುದರಿಂದ ಅತ್ತ ಸ್ವಲ್ಪ ದೃಷ್ಟಿ ಹರಿಸುವುದು ಅವಶ್ಯ.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಅಮೆರಿಕದಲ್ಲಿಯೂ ಗ್ರಂಥಪಾಲನೆಂದರೆ ಗಂಡಸೇ. ಬಾಸ್ಟನ್ ನಗರದ ಪ್ರಸಿದ್ಧ ಗ್ರಂಥಾಲಯವಾದ ಅಥೀನಿಯಮ್ ಮೊದಲ ಬಾರಿಗೆ ಒಬ್ಬ ಸ್ತ್ರೀಯನ್ನು ಕೆಲಸಕ್ಕೆ ತೆಗೆದುಕೊಂಡುದು 1857ರಲ್ಲಿ. ಅಲ್ಲಿನ ಇಕ್ಕಟ್ಟಾದ ಮೆಟ್ಟಿಲುಗಳೂ ಓಣಿಗಳೂ ಸ್ತ್ರೀಯರ ಮರ್ಯಾದೆಗೆ ತಕ್ಕುವಲ್ಲವೆಂಬುದು ಅದಕ್ಕೆ ಮೊದಲಿನ ಅಧಿಕಾರಿಯ ಅಭಿಪ್ರಾಯವಾಗಿತ್ತು! 1876ರಲ್ಲಿ ಫಿಲಡೆಲ್ಫಿಯದಲ್ಲಿ ಅಮೆರಿಕದ ಗ್ರಂಥಾಲಯ ಸಂಘವು ಸ್ಥಾಪನೆಯಾದಾಗ ನೆರೆದಿದ್ದ 103 ಮಂದಿಯಲ್ಲಿ ಸ್ತ್ರೀಯರು 13 ಜನ ಮಾತ್ರ. ಮರುವರ್ಷದ ಸಮ್ಮೇಳನದಲ್ಲಿ ಮೊದಲ ಬಾರಿಗೆ ಎದ್ದುನಿಂತು ಮಾತನಾಡಿದ ಸ್ತ್ರೀ ಹಾರ್ಟ್‌ಫರ್ಡ್ ಊರಿನ ಕ್ಯಾರೊಲಿನ್ ಹೆವಿನ್ಸ್. ಆಕೆ ಕೇಳಿದ್ದು ನಾಯಿಗಳ ಮೇಲೆ ವಿಧಿಸುವ ತೆರಿಗೆಯನ್ನು ಗ್ರಂಥಾಲಯಗಳಿಗೆ ಬಳಸುವ ಕ್ರಮ ಬೇರೆ ಕಡೆಯಲ್ಲಿಯೂ ಉಂಟೇ ಎಂದು. ಆ ವೃತ್ತಿಯ ಸಭೆಯಲ್ಲಿ ಕೇಳಿಬಂದ ಮೊದಲ ಸ್ತ್ರೀಧ್ವನಿ ಹಣಕಾಸಿನ ಪ್ರಶ್ನೆಯನ್ನೇ ಎತ್ತಿತು ಎಂಬುದನ್ನು ಗಮನದಲ್ಲಿಡಬೇಕು.

ಅದೇ 1877ರಲ್ಲಿ ಲಂಡನ್ನಿನಲ್ಲಿ ನಡೆದ ಗ್ರಂಥಪಾಲರ ಸಮ್ಮೇಳನದಲ್ಲಿ, ಅಮೆರಿಕದ ಸಂಘದ ಮೊದಲ ಅಧ್ಯಕ್ಷರಾಗಿದ್ದ ಜಸ್ಟಿನ್ ವಿನ್ಸರ್ ಅವರು ಸ್ತ್ರೀಯರ ಸೇವೆಯನ್ನು ಮನಸಾರೆ ಹೊಗಳಿದರು. ಅವರಿಂದ ಗ್ರಂಥಾಲಯದ ವಾತಾವರಣ ಮೃದುವಾಗುತ್ತದೆ, ನಮ್ಮ ದುಡಿಮೆ ಹಗುರವಾಗುತ್ತದೆ ಎಂದರು. ಅಷ್ಟೇ ಸಂಬಳಕ್ಕೆ ಸಿಗಬಹುದಾದ ಗಂಡಸರಿಗಿಂತ ಅವರು ಎಷ್ಟೋ ಮೇಲು ಎಂದೂ ಸೇರಿಸಿದರು. ಹೊಗಳಿಕೆಯ ಬಾಲದಲ್ಲಿರುವ ಈ ಕೊನೆಯ ಮಾತಿನಲ್ಲಿಯೇ ಇಡೀ ಕಥೆಯ ಬೀಜವಿದೆ. ಊರೂರಿಗೆ ಗ್ರಂಥಾಲಯಗಳು ಹುಟ್ಟುತ್ತಿದ್ದ ಕಾಲ ಅದು. ಕಟ್ಟಡಕ್ಕೆ ದಾನಿಗಳಿದ್ದರು, ಪುಸ್ತಕಕ್ಕೆ ಹಣವಿತ್ತು; ಸಂಬಳಕ್ಕೆ ಇರಲಿಲ್ಲ. ಅದೇ ಹೊತ್ತಿಗೆ ಕಾಲೇಜು ಮುಗಿಸಿದ ತರುಣಿಯರು ಬಹುಸಂಖ್ಯೆಯಲ್ಲಿ ಹೊರಬರುತ್ತಿದ್ದರು. ಅವರಿಗೆ ತೆರೆದ ಬಾಗಿಲುಗಳು ಬಹಳ ಕಡಿಮೆ. ವಿದ್ಯೆ ಹೆಚ್ಚು, ಅವಕಾಶ ಕಡಿಮೆ ಎಂಬಲ್ಲಿ ಕೂಲಿ ಇಳಿಯುವುದು ಲೋಕನಿಯಮ.

ಈ ಸಂದರ್ಭದಲ್ಲಿ ರಂಗಕ್ಕೆ ಬಂದವರು ಮೆಲ್ವಿಲ್ ಡ್ಯೂಯಿ. 1876ರಲ್ಲಿ ಪ್ರಕಟವಾದ ದಶಮಾಂಶ ವರ್ಗೀಕರಣದ ಕರ್ತೃವೆಂದು ಅವರ ಹೆಸರನ್ನು ಗ್ರಂಥಾಲಯ ವಿಜ್ಞಾನದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. 1887ರ ಜನವರಿ 5ರಂದು ನ್ಯೂಯಾರ್ಕಿನ ಕೊಲಂಬಿಯ ಕಾಲೇಜಿನಲ್ಲಿ ಅವರು ಗ್ರಂಥಪಾಲರ ಶಿಕ್ಷಣಕ್ಕೆಂದು ಶಾಲೆಯೊಂದನ್ನು ತೆರೆದರು. ಮೊದಲ ತಂಡದ 20 ವಿದ್ಯಾರ್ಥಿಗಳಲ್ಲಿ 17 ಮಂದಿ ಸ್ತ್ರೀಯರು. ಆ ಕಾಲೇಜಿಗಾದರೋ ಆಗ ಸ್ತ್ರೀಯರಿಗೆ ಪ್ರವೇಶವೇ ಇರಲಿಲ್ಲ. ಆಡಳಿತ ಮಂಡಲಿಯು ತರಗತಿಗೆ ಕೋಣೆಯನ್ನು ನಿರಾಕರಿಸಿತು. ಡ್ಯೂಯಿಯವರು ಪ್ರಾರ್ಥನಾಮಂದಿರದ ಮೇಲಿನ ಉಗ್ರಾಣವೊಂದನ್ನು ಗುಡಿಸಿ ಒರೆಸಿ ಪಾಠ ಆರಂಭಿಸಿದರು. ಘರ್ಷಣೆ ಬೆಳೆದು ಅವರು ಕಾಲೇಜನ್ನು ಬಿಡಬೇಕಾಯಿತು. 1889ರಲ್ಲಿ ಶಾಲೆಯೂ ಅವರೊಂದಿಗೆ ಆಲ್ಬನಿ ನಗರಕ್ಕೆ ಹೋಯಿತು. ಸ್ತ್ರೀಯರಿಗೆ ಒಂದು ವೃತ್ತಿಯ ಬಾಗಿಲನ್ನು ಹಟತೊಟ್ಟು ತೆರೆದ ಈ ಉಪಕಾರವನ್ನು ಅಲ್ಲಗಳೆಯಲಾಗದು.

ಆದರೆ ತೆರೆದ ಬಾಗಿಲು ಎಷ್ಟು ಎತ್ತರದ್ದೆಂಬುದನ್ನೂ ನೋಡಬೇಕು. ಶಾಲೆ ತೆರೆಯುವುದಕ್ಕೆ ಒಂದು ವರ್ಷ ಮೊದಲು, 1886ರಲ್ಲಿ, ಕಾಲೇಜು ಓದಿದ ಸ್ತ್ರೀಯರ ಸಂಘದ ಮುಂದೆ ಮಾಡಿದ ಭಾಷಣದಲ್ಲಿ ಡ್ಯೂಯಿಯವರು, ಸ್ತ್ರೀಯರಿಗೆ ಕಡಿಮೆ ಸಂಬಳ ಏಕೆ ಎಂಬುದಕ್ಕೆ ಕಾರಣಗಳನ್ನು ಕೊಟ್ಟಿದ್ದರು. ಅವರ ಆರೋಗ್ಯ ದುರ್ಬಲ, ವ್ಯವಹಾರದ ತರಬೇತಿ ಇಲ್ಲ, ಮದುವೆಯಾದರೆ ಕೆಲಸ ಬಿಟ್ಟು ಹೋಗುತ್ತಾರೆ. ಸಮಯ ಬಂದರೆ ಭಾರದ ಪೆಟ್ಟಿಗೆಯನ್ನು ಎತ್ತಬಲ್ಲ ಗಂಡಸಿಗೆ ಅಷ್ಟರ ಮಟ್ಟಿಗೆ ಬೆಲೆ ಹೆಚ್ಚು. ನೂರು ವರ್ಷಗಳಿಗೂ ಹಿಂದಿನ ಈ ವಾದವು ನಮ್ಮ ಕಿವಿಗೆ ಹೊಸದಾಗಿ ಕೇಳಿಸುವುದಿಲ್ಲವೆಂಬುದೇ ವಿಷಾದದ ಸಂಗತಿ. ಅವರ ಶಾಲೆಯಲ್ಲಿ ಕಲಿಸಿದ್ದಾದರೂ ಏನು? ಸೂಚಿಯ ಕಾರ್ಡುಗಳನ್ನು ಬರೆಯಲು ಒಂದೇ ಬಗೆಯ ದುಂಡಗಿನ ಕೈಬರಹ, ವರ್ಗೀಕರಣ, ಕ್ರಮ, ಅಚ್ಚುಕಟ್ಟು. ಮನೆಯನ್ನು ಒಪ್ಪವಾಗಿ ಇಡುವ ಗುಣವೇ ಗ್ರಂಥಾಲಯಕ್ಕೂ ಬೇಕಾದ ಗುಣವೆಂಬ ನಂಬಿಕೆ ಹೀಗೆ ಬಲವಾಯಿತು. ಗುಣವನ್ನು ಹುಟ್ಟಿನಿಂದಲೇ ಬಂದದ್ದೆಂದು ಎಣಿಸಿದ ಮೇಲೆ ಅದಕ್ಕೆ ಬೆಲೆ ಕಟ್ಟುವ ಗೊಡವೆ ಯಾರಿಗೆ?

ಡ್ಯೂಯಿಯವರ ಇನ್ನೊಂದು ಮುಖವನ್ನು ಇಲ್ಲಿ ಮರೆಮಾಚುವುದು ನ್ಯಾಯವಲ್ಲ. 1905ರಲ್ಲಿ ಸಂಘದ ಸದಸ್ಯರು ಕೈಗೊಂಡ ಪ್ರವಾಸವೊಂದರಲ್ಲಿ ಅವರು ಸ್ತ್ರೀಯರೊಡನೆ ಅನುಚಿತವಾಗಿ ವರ್ತಿಸಿದರೆಂದು ಸಹೋದ್ಯೋಗಿ ಸ್ತ್ರೀಯರು ದೂರಿದರು. ತಾವೇ ಕಟ್ಟಿದ ಸಂಘದ ಚಟುವಟಿಕೆಗಳಿಂದ ಅವರು ಹಿಂದೆ ಸರಿಯಬೇಕಾಯಿತು. ಆದರೂ ಅವರ ಹೆಸರಿನ ಪದಕವನ್ನು ಸಂಘವು ದಶಕಗಳ ಕಾಲ ಕೊಡುತ್ತಲೇ ಇದ್ದಿತು. ಆ ಹೆಸರನ್ನು ತೆಗೆಯಬೇಕೆಂದು ಸಂಘದ ಮಂಡಲಿ ನಿರ್ಣಯಿಸಿದುದು 2019ರಲ್ಲಿ. ದೂರಿಗೂ ತೀರ್ಮಾನಕ್ಕೂ ನಡುವೆ 114 ವರ್ಷಗಳು! ಸ್ತ್ರೀಯರನ್ನು ಕೆಲಸಕ್ಕೆ ಕರೆಯುವುದು ಬೇರೆ, ಕರೆದವರನ್ನು ಸಮಾನರೆಂದು ಕಾಣುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಮುಂದೆ ನಡೆದುದು ನಿರೀಕ್ಷಿತವೇ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಗ್ರಂಥಾಲಯಗಳು ಸ್ತ್ರೀಯರಿಂದ ತುಂಬಿದವು. ಇಂದಿಗೂ ಅಲ್ಲಿನ ಗ್ರಂಥಪಾಲರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಸ್ತ್ರೀಯರೇ. ಆದರೆ ಮೇಲಿನ ಕುರ್ಚಿಗಳ ಕಥೆ ಬೇರೆ. ಸಂಘವು 1876ರಲ್ಲಿ ಹುಟ್ಟಿದರೂ ಮೊದಲ ಅಧ್ಯಕ್ಷೆ ಥೆರೆಸಾ ಎಲ್ಮೆಂಡಾರ್ಫ್ ಅವರ ಸರದಿ ಬಂದುದು 1911ರಲ್ಲಿ. 1800ರಲ್ಲಿ ಸ್ಥಾಪಿತವಾದ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯಕ್ಕೆ ಒಬ್ಬರಾದ ಮೇಲೊಬ್ಬರಂತೆ 13 ಮಂದಿ ಗಂಡಸರು ಮುಖ್ಯಸ್ಥರಾದ ಮೇಲೆ, 2016ರಲ್ಲಿ ಕಾರ್ಲಾ ಹೇಡನ್ ಅವರು ಆ ಸ್ಥಾನಕ್ಕೇರಿದ ಮೊದಲ ಸ್ತ್ರೀಯೆನಿಸಿದರು. ಮೊದಲ ಕರಿಯ ವರ್ಣೀಯರೂ ಅವರೇ. 2025ರ ಮೇ ತಿಂಗಳಲ್ಲಿ, ಅವಧಿ ಮುಗಿಯುವ ಮುನ್ನವೇ, ಅಧ್ಯಕ್ಷರ ಆಜ್ಞೆಯಿಂದ ಅವರನ್ನು ಆ ಸ್ಥಾನದಿಂದ ತೆಗೆಯಲಾಯಿತು. ಬ್ರಿಟಿಷ್ ಲೈಬ್ರರಿಗೆ ಮೊದಲ ಬಾರಿಗೆ ಸ್ತ್ರೀಯೊಬ್ಬರು, ಲಿನ್ ಬ್ರಿಂಡ್ಲಿ, ಮುಖ್ಯಾಧಿಕಾರಿಯಾದುದು 2000ದಲ್ಲಿ.

ಈ ವಿಚಿತ್ರವನ್ನು ಸಮಾಜಶಾಸ್ತ್ರಜ್ಞೆ ಕ್ರಿಸ್ಟಿನ್ ವಿಲಿಯಮ್ಸ್ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಚೆನ್ನಾಗಿ ವಿವರಿಸಿದ್ದಾರೆ. ದಾದಿಯರು, ಪ್ರಾಥಮಿಕ ಶಿಕ್ಷಕರು, ಸಮಾಜಸೇವಾ ಕಾರ್ಯಕರ್ತರು, ಗ್ರಂಥಪಾಲರು ಎಂಬ ನಾಲ್ಕು ವೃತ್ತಿಗಳಲ್ಲಿರುವ ಗಂಡಸರನ್ನು ಅವರು ಮಾತನಾಡಿಸಿದರು. ಗಂಡಸರ ವೃತ್ತಿಗೆ ಹೋದ ಸ್ತ್ರೀಯರ ತಲೆಗೆ ಕಾಣದ ಚಾವಣಿ ತಗಲುತ್ತದೆ. ಸ್ತ್ರೀಯರ ವೃತ್ತಿಗೆ ಬಂದ ಗಂಡಸರ ಕಾಲ ಕೆಳಗಾದರೋ ಕಾಣದ ಮೆಟ್ಟಿಲು ತಾನಾಗಿ ಮೇಲಕ್ಕೆ ಚಲಿಸುತ್ತದೆ ಎಂಬುದು ಅವರ ನಿರ್ಣಯ. ಆ ಮೆಟ್ಟಿಲಿನ ಮೇಲೆ ನಿಲ್ಲಲೊಪ್ಪದವನಿಗೂ ಸುಖವಿಲ್ಲ. ಮಕ್ಕಳ ವಿಭಾಗದಲ್ಲಿಯೇ ಇದ್ದು ಕಥೆ ಹೇಳುವುದರಲ್ಲಿ ಸಂತೋಷಪಡುವ ಗಂಡಸನ್ನು, ‘ನಿನಗೆ ಮೇಲೇರುವ ಆಸೆ ಸಾಲದು’ ಎಂದು ಮೇಲಧಿಕಾರಿಗಳೇ ಮುಂದಕ್ಕೆ ತಳ್ಳುತ್ತಾರೆ. ಹೊರಗಿನವರು ಅವನನ್ನು ಸಂಶಯದಿಂದ ನೋಡುತ್ತಾರೆ. ಮಕ್ಕಳಿಗೆ ಪುಸ್ತಕ ಕೊಡುವುದು ಹೆಣ್ಣಿನ ಸ್ವಭಾವ, ಆಯವ್ಯಯ ನೋಡುವುದು ಗಂಡಿನ ಸ್ವಭಾವ ಎಂಬ ಈ ಹಂಚಿಕೆಯಿಂದ ಇಬ್ಬರೂ ನಷ್ಟಪಟ್ಟರೆಂಬುದೇ ನಿಜ. ಒಬ್ಬರಿಗೆ ಸಂಬಳದ ನಷ್ಟ, ಇನ್ನೊಬ್ಬರಿಗೆ ಮನಸ್ಸಿಗೊಪ್ಪಿದ ಕೆಲಸದ ನಷ್ಟ.

‘ನೆರಳಿನಲ್ಲಿ ಕುಳಿತು ಮಾಡುವ ಕೆಲಸ’ ಎಂಬ ಕಲ್ಪನೆಗೂ ಒಂದು ಉತ್ತರವಿದೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಗುಡ್ಡಗಾಡಿನ ಮನೆಗಳಿಗೆ ಪುಸ್ತಕ ತಲುಪಿಸಲು ಸರಕಾರವು ಕುದುರೆಯ ಮೇಲಿನ ಗ್ರಂಥಾಲಯವನ್ನು ಏರ್ಪಡಿಸಿತು. 1935ರಿಂದ 1943ರವರೆಗೆ ನಡೆದ ಈ ಕೆಲಸದಲ್ಲಿ ತೊಡಗಿದವರಲ್ಲಿ ಹೆಚ್ಚಿನವರು ಸ್ತ್ರೀಯರು. ಕುದುರೆಯೋ ಹೇಸರಗತ್ತೆಯೋ ಅವರೇ ಹೊಂದಿಸಿಕೊಳ್ಳಬೇಕು. ತೊರೆಯ ಪಾತ್ರದಲ್ಲಿಯೇ ದಾರಿ. ತಿಂಗಳಿಗೆ ಸಂಬಳ 28 ಡಾಲರು. ಹಿಮದಲ್ಲಿಯೂ ಮಳೆಯಲ್ಲಿಯೂ ಅವರು ಹೋದರು. ಹೆಣ್ಣಿಗೆ ಸುಲಭದ ಕೆಲಸ ಬೇಕು ಎಂಬ ಮಾತನ್ನು ಆ ಕಾಲದಲ್ಲಿ ಯಾರೂ ನೆನೆದಂತೆ ತೋರುವುದಿಲ್ಲ. ಕಡಿಮೆ ಸಂಬಳ ಕೊಡುವಾಗ ಮಾತ್ರ ಹೆಣ್ಣು ಅಬಲೆ, ಬೆಟ್ಟ ಹತ್ತಿಸುವಾಗ ಅಲ್ಲ!

ಇನ್ನು ನಮ್ಮ ನಾಡಿಗೆ ಬರೋಣ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಡಾ. ಎಸ್. ಆರ್. ರಂಗನಾಥನ್ ಅವರಿಗೂ ನಮ್ಮ ಕರಾವಳಿಗೂ ಒಂದು ನಂಟಿದೆ. ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ಸೇರಿದರು. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದಿತು. 1924ರಲ್ಲಿ ಅವರು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ವಿವರಿಸುವ ಗ್ರಂಥವನ್ನೂ 1933ರಲ್ಲಿ ದ್ವಿಬಿಂದು ವರ್ಗೀಕರಣವನ್ನೂ ಪ್ರಕಟಿಸಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಸಂಶೋಧನ ಕೇಂದ್ರವೊಂದನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಪುಸ್ತಕವು ಎಲ್ಲರಿಗೂ ಸಲ್ಲಬೇಕೆಂಬ ಅವರ ಎರಡನೆಯ ಸೂತ್ರದ ವಿವರಣೆಯಲ್ಲಿ ಬಡವ ಬಲ್ಲಿದ, ನಗರ ಗ್ರಾಮಗಳ ಭೇದಗಳಂತೆಯೇ ಸ್ತ್ರೀಪುರುಷ ಭೇದವನ್ನೂ ಪ್ರತ್ಯೇಕವಾಗಿ ಎತ್ತಿಕೊಂಡು, ಓದುವ ಹಕ್ಕಿಗೆ ಆ ಭೇದ ಅಡ್ಡಬರಬಾರದೆಂದು ಅವರು ವಾದಿಸಿದರು. 1931ರಲ್ಲಿ ಇಷ್ಟು ನೇರವಾಗಿ ಹೇಳಿದುದು ಸಣ್ಣ ಮಾತಲ್ಲ.

ಅದು ಓದುಗಳಾದ ಹೆಣ್ಣಿನ ಹಕ್ಕಿನ ಮಾತು. ಮೇಜಿನ ಈಚೆಗೆ ನಿಲ್ಲುವ ಹೆಣ್ಣಿಗೆ ಸ್ಥಾನ ಸಿಕ್ಕಿತು. ಮೇಜಿನ ಆಚೆಗೆ ಕುಳಿತುಕೊಳ್ಳುವ ಹೆಣ್ಣಿನ ಮಾತು ನಮ್ಮಲ್ಲಿ ತಡವಾಗಿಯೇ ಬಂತು. ಅಮೆರಿಕದಲ್ಲಿ ಸಂಬಳ ಕಡಿಮೆಯೆಂಬ ಕಾರಣಕ್ಕೆ ಹೆಣ್ಣನ್ನು ಕರೆದರು. ನಮ್ಮಲ್ಲಿ ಗ್ರಂಥಪಾಲನ ಹುದ್ದೆಯೂ ಗುಮಾಸ್ತೆಯ ಹುದ್ದೆಯಂತೆ ಬಹುಕಾಲ ಗಂಡಸರದೇ ಆಗಿತ್ತು. ದಾರಿ ಬೇರೆಯಾದರೂ ತಲುಪಿದ ಸ್ಥಳ ಬಹಳ ಬೇರೆಯಲ್ಲವೆಂಬುದು ನಮ್ಮ ಕೇರಳದ ಹಳ್ಳಿಗಳ ಗ್ರಂಥಾಲಯಗಳನ್ನು ನೋಡಿದರೆ ತಿಳಿಯುತ್ತದೆ. ಪಿ. ಎನ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ 1945ರಿಂದ ಬೆಳೆದ ಗ್ರಂಥಶಾಲಾ ಚಳವಳಿಯು ಹಳ್ಳಿಹಳ್ಳಿಗೆ ವಾಚನಾಲಯವನ್ನು ಕೊಟ್ಟಿತು. 1989ರ ಕಾಯಿದೆಯು ಅದಕ್ಕೆ ಚೌಕಟ್ಟನ್ನು ಒದಗಿಸಿತು. ರಾಜ್ಯ ಗ್ರಂಥಾಲಯ ಮಂಡಲಿಯ ಯೋಜನೆಯೊಂದರಂತೆ ಸ್ತ್ರೀಯರು ಚೀಲದಲ್ಲಿ ಪುಸ್ತಕ ತುಂಬಿಕೊಂಡು ಮನೆಮನೆಗೆ ಹೋಗಿ, ಹೊರಗೆ ಬರಲಾಗದ ಗೃಹಿಣಿಯರಿಗೂ ವೃದ್ಧರಿಗೂ ಕೊಟ್ಟು ಬರುತ್ತಾರೆ. ವಯನಾಡಿನ ವೆಳ್ಳಮುಂಡದ ಕಡೆ ಅರುವತ್ತು ದಾಟಿದ ಮೇಲೆಯೂ ದಿನಕ್ಕೆ ಕೆಲವು ಕಿಲೋಮೀಟರು ನಡೆದು ಪುಸ್ತಕ ಹಂಚಿದ ಮಹಿಳೆಯೊಬ್ಬರ ಕಥೆ ಪತ್ರಿಕೆಗಳಲ್ಲಿ ಬಂದುದನ್ನು ನಮ್ಮ ವಯನಾಡಿನ ಓದುಗರು ಬಲ್ಲರು. ಮನೆಯೊಳಗಿನ ಹೆಣ್ಣಿನ ಬಳಿಗೆ ಹೆಣ್ಣೇ ಹೋಗಬೇಕೆಂಬ ಯೋಚನೆ ಸರಿಯಾದುದೇ. ಗಂಡಸು ಹೊಸಲಿನಲ್ಲಿ ನಿಂತುಬಿಡುತ್ತಿದ್ದಲ್ಲಿ ಆಕೆ ಅಡಿಗೆಮನೆಯವರೆಗೂ ಹೋಗಬಲ್ಲಳು. ಅಂದರೆ ಹೆಣ್ಣಾಗಿರುವುದು ಇಲ್ಲಿ ಒಂದು ಅರ್ಹತೆ. ಆ ಅರ್ಹತೆಗೆ ನಾವು ಕೊಡುವುದಾದರೋ ಸಂಬಳವಲ್ಲ, ಗೌರವಧನ. ಗೌರವವೂ ಧನವೂ ಕೂಡಿ ಹುಟ್ಟಿದ ಈ ಪದದಲ್ಲಿ ಧನದ ಪಾಲು ಎಷ್ಟೆಂದು ಪಡೆಯುವವರೇ ಹೇಳಬೇಕು.

ಕಾನೂನು ಏನು ಹೇಳುತ್ತದೆ? ಒಂದೇ ಕೆಲಸಕ್ಕೆ ಸ್ತ್ರೀಪುರುಷರಿಗೆ ಒಂದೇ ಸಂಬಳವೆಂದು 1976ರ ಸಮಾನ ವೇತನ ಕಾಯಿದೆ ವಿಧಿಸಿತು. 2019ರ ವೇತನ ಸಂಹಿತೆಯಲ್ಲಿಯೂ ಆ ತತ್ತ್ವ ಸೇರಿದೆ. ಸರಕಾರದ ಹುದ್ದೆಗಳಲ್ಲಿ ಇದಕ್ಕೆ ಲೋಪವಿಲ್ಲ. ಆದರೆ ಒಂದೇ ಹುದ್ದೆಯ ಇಬ್ಬರನ್ನು ಹೋಲಿಸಲು ಈ ಅಳತೆಗೋಲು ಸಾಕಾದೀತೇ ಹೊರತು, ಹೆಣ್ಣುಮಕ್ಕಳೇ ಬರುತ್ತಾರೆಂದು ಇಡೀ ಹುದ್ದೆಯನ್ನೇ ಗುತ್ತಿಗೆಗೋ ಗೌರವಧನಕ್ಕೋ ಇಳಿಸಿದರೆ ಅಳೆಯಲು ಕೋಲು ಎಲ್ಲಿದೆ? ಸಮಾನರಾಗಿ ಕಡಿಮೆ ಪಡೆಯುವುದೂ ಒಂದು ಸಮಾನತೆಯೇ ಎಂದು ಸಮಾಧಾನಪಡಬೇಕಷ್ಟೆ.

ಇನ್ನೊಂದು ಸಂಗತಿ. ವಾಚನಾಲಯಗಳಿಗೆ ಜನ ಬರುವುದು ಸಂಜೆ, ಕೆಲಸ ಮುಗಿಸಿದ ಮೇಲೆ. ಬಾಗಿಲು ಹಾಕಿ ಹೊರಡುವಾಗ ಕತ್ತಲಾಗಿರುತ್ತದೆ. ಒಬ್ಬಳೇ ಇರುವ ಕಟ್ಟಡ, ಶೌಚಾಲಯವಿದ್ದರೆ ಪುಣ್ಯ, ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದಾದ ಜಾಗ. ಇಂತಹ ಕಡೆ ಕಿರುಕುಳವಾದರೆ ದೂರು ಯಾರಿಗೆ ಕೊಡಬೇಕು? 1997ರ ವಿಶಾಖ ತೀರ್ಪಿನ ಬಳಿಕ ಬಂದ 2013ರ ಕಾಯಿದೆಯಂತೆ ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರತಕ್ಕದ್ದು. ಅದಕ್ಕಿಂತ ಕಡಿಮೆ ಜನವಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಹೋದ್ಯೋಗಿಗಳಿಂದ ಮಾತ್ರವಲ್ಲ, ಕೆಲಸದ ಸ್ಥಳದಲ್ಲಿ ಎದುರಾಗುವ ಹೊರಗಿನವರಿಂದಲೂ ರಕ್ಷಣೆ ಒದಗಿಸುವುದು ಉದ್ಯೋಗ ಕೊಟ್ಟವರ ಕರ್ತವ್ಯವೆಂದು ಅದು ವಿಧಿಸುತ್ತದೆ. ಒಬ್ಬಳೇ ನೌಕರಳಿರುವ ಹಳ್ಳಿಯ ವಾಚನಾಲಯಕ್ಕೂ ಈ ರಕ್ಷಣೆ ಉಂಟು ಎಂಬುದನ್ನು ನಮ್ಮ ಗ್ರಂಥಾಲಯ ಸಮಿತಿಗಳವರು ತಿಳಿದಿರಬೇಕು. ಗೋಡೆಯ ಮೇಲೆ ಬರೆದು ತೂಗುಹಾಕಿದರೆ ಇನ್ನೂ ಒಳ್ಳೆಯದು.

ಇಲ್ಲಿಯವರೆಗೆ ಹೆಣ್ಣು ಗಂಡುಗಳ ಮಾತಾಯಿತು. ಆರಂಭದಲ್ಲಿ ಕೇಳಿದ ಮೂರನೆಯ ಪ್ರಶ್ನೆ ಉಳಿದಿದೆ. ಗಂಡೆಂದು ಹೆಸರಿಟ್ಟ ಮಗುವೊಂದು ತಾನು ಹೆಣ್ಣೆಂದು ಅರಿತು ಬೆಳೆಯುವುದು, ಹೆಣ್ಣೆಂದು ಬೆಳೆಸಿದ ಮಗು ತಾನು ಗಂಡೆಂದು ಕಂಡುಕೊಳ್ಳುವುದು, ಎರಡೂ ಅಲ್ಲವೆಂದು ಹೇಳುವುದು, ಇವೆಲ್ಲ ಬೇರೆಲ್ಲಿಯೋ ನಡೆಯುವ ಸಂಗತಿಗಳಲ್ಲ; ನಮ್ಮಂತಹ ಮನೆಗಳಲ್ಲಿಯೇ ನಡೆಯತಕ್ಕವು. ನಮ್ಮ ಸಮಾಜ ಅಂತಹವರನ್ನು ಮನೆಯಿಂದ ಹೊರಗೆ ಕಳಿಸಿ, ಬೇಡಿ ಬದುಕಿರೆಂದು ಬಿಟ್ಟುದನ್ನು ನಾವೆಲ್ಲ ಬಲ್ಲೆವು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕು ಅವರಿಗಿದೆಯೆಂದು ತೀರ್ಪಿತ್ತಿತು. ಮರುವರ್ಷ ಕೇರಳವು ಅವರಿಗಾಗಿ ಒಂದು ನೀತಿಯನ್ನೇ ಪ್ರಕಟಿಸಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಉದ್ಯೋಗದಲ್ಲಿ ಅವರ ವಿಷಯದಲ್ಲಿ ಭೇದ ಮಾಡಕೂಡದೆಂದಿತು. 2021ರಲ್ಲಿ ಕರ್ನಾಟಕ ಸರಕಾರವು ನೇರ ನೇಮಕಾತಿಯ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ ಒಂದನ್ನು ಅವರಿಗೆ ಮೀಸಲಿಟ್ಟಿತು. ಆದುದರಿಂದ ಅಂತಹವರೊಬ್ಬರು ಗ್ರಂಥಪಾಲರ ಮೇಜಿನ ಹಿಂದೆ ಕುಳಿತುಕೊಳ್ಳುವುದು ಈಗ ಕಲ್ಪನೆಯ ಮಾತಲ್ಲ.

ಅವರ ದಿನಚರಿಯನ್ನು ಯೋಚಿಸಿ ನೋಡಿ. ಪದವಿಯ ಪ್ರಮಾಣಪತ್ರದಲ್ಲಿ ಒಂದು ಹೆಸರು, ಈಗಿನದು ಇನ್ನೊಂದು. ಎರಡನ್ನೂ ಹೊಂದಿಸಲು ಕಛೇರಿಯಿಂದ ಕಛೇರಿಗೆ ಅಲೆದಾಟ. ಸಂದರ್ಶನದಲ್ಲಿ ವರ್ಗೀಕರಣದ ಪ್ರಶ್ನೆಗಿಂತ ಮೊದಲು ಅವರನ್ನೇ ವರ್ಗೀಕರಿಸುವ ಪ್ರಶ್ನೆ. ಗ್ರಂಥಾಲಯವೆಂದರೆ ದಿನವೂ ಹೊಸ ಮುಖಗಳು ಬರುವ ಜಾಗ. ಪ್ರತಿಯೊಬ್ಬನ ಕಣ್ಣಿನಲ್ಲಿಯೂ ಒಂದು ಪ್ರಶ್ನೆ. ಯಾವ ಶೌಚಾಲಯಕ್ಕೆ ಹೋಗಬೇಕೆಂಬುದೂ ಒಂದು ಸಮಸ್ಯೆಯೇ. ‘ಹೆಣ್ಣುಮಕ್ಕಳಿಗೆ ಒಪ್ಪುವ ಉದ್ಯೋಗ’ ಎಂಬ ನಮ್ಮ ಮಾತು ಇಲ್ಲಿ ಬಂದು ತಡವರಿಸುತ್ತದೆ. ಯಾರಿಗೆ ಯಾವುದು ಒಪ್ಪುತ್ತದೆಂಬುದನ್ನು ಲಿಂಗದಿಂದ ನಿರ್ಣಯಿಸಹೊರಟರೆ, ಲಿಂಗದ ಖಾನೆಗೆ ಸಿಕ್ಕದವರಿಗೆ ಯಾವುದೂ ಒಪ್ಪದೆಂದಾಗುತ್ತದೆ. ಹೆಣ್ಣಿನ ಸಂಬಳವನ್ನು ಇಳಿಸಿದ, ಗಂಡನ್ನು ಮಕ್ಕಳ ಕೋಣೆಯಿಂದ ಎಬ್ಬಿಸಿದ ಅದೇ ಅಳತೆಗೋಲು ಇವರನ್ನು ಬಾಗಿಲಿನ ಹೊರಗೇ ನಿಲ್ಲಿಸುತ್ತದೆ.

ಗ್ರಂಥಪಾಲರ ಲೋಕವೇ ಈ ಪಾಠವನ್ನು ಈಚೆಗೆ ಕಲಿತುಕೊಳ್ಳುತ್ತಿದೆ. 2013ರ ಸುಮಾರಿಗೆ ಅಮೆರಿಕದಲ್ಲಿ ಸೂಚೀಕರಣದ ಹೊಸ ನಿಯಮಗಳು ಬಳಕೆಗೆ ಬಂದಾಗ ಪ್ರತಿ ಲೇಖಕರ ದಾಖಲೆಯಲ್ಲಿ ಅವರ ಲಿಂಗವನ್ನು ಬರೆಯುವುದಕ್ಕೂ ಒಂದು ಜಾಗವಿದ್ದಿತು. ಇದರಿಂದ ಯಾರಿಗೇನು ಪ್ರಯೋಜನವೆಂದು ಸೂಚೀಕಾರರೇ ಪ್ರಶ್ನಿಸತೊಡಗಿದರು. ತಮ್ಮ ಗುರುತನ್ನು ಹೊರಗೆಡಹಲು ಇಚ್ಛಿಸದವರಿಗೆ ಅದರಿಂದ ಕೇಡಾಗಬಹುದೆಂದೂ ಮನಗಂಡರು. 2022ರಲ್ಲಿ ಆ ದೇಶದ ಸೂಚೀಕರಣ ಸಹಕಾರ ಮಂಡಲಿಯ ಕಾರ್ಯಗುಂಪೊಂದು, ಲಿಂಗವನ್ನು ಬರೆಯುವುದೇ ಬೇಡವೆಂದು ಶಿಫಾರಸು ಮಾಡಿತು. ಪುಸ್ತಕವನ್ನು ಹುಡುಕಲು ಹೆಸರು ಸಾಕು. ‘ತ್ರಿವೇಣಿ’ ಎಂದರೆ ಅನಸೂಯಾ ಶಂಕರ್ ಎಂದು ಸೂಚಿ ತಿಳಿಸಿದರೆ ಓದುಗನಿಗೆ ಕಾದಂಬರಿ ಸಿಗುತ್ತದೆ. ಅದಕ್ಕಿಂತ ಹೆಚ್ಚಿನದು ಕಪಾಟಿಗೆ ಬೇಡ. ಲೇಖಕರಿಗೆ ಸಲ್ಲಿಸಿದ ಈ ನ್ಯಾಯವನ್ನು ಅದೇ ಕಟ್ಟಡದಲ್ಲಿ ದುಡಿಯುವವರಿಗೂ ಸಲ್ಲಿಸುವುದು ಕಷ್ಟವಾಗಲಾರದು.

ಹಾಗಾದರೆ ನಮ್ಮ ಮನೆಗಳಲ್ಲಿ ಮಾಡಬೇಕಾದುದೇನು? ಮಗಳು ಗ್ರಂಥಾಲಯ ವಿಜ್ಞಾನ ಕಲಿಯುವುದನ್ನು ತಡೆಯಬೇಕೆಂದು ನಾವು ಹೇಳುತ್ತಿಲ್ಲ. ಅದು ಉತ್ತಮ ವಿದ್ಯೆ. ಆದರೆ ಒಪ್ಪುವ ಉದ್ಯೋಗವೆಂದು ತೃಪ್ತಿಪಟ್ಟು ಸುಮ್ಮನಾಗುವ ಬದಲು, ಮಗನ ಕೆಲಸದ ಬಗ್ಗೆ ಕೇಳುವ ಪ್ರಶ್ನೆಗಳನ್ನೇ ಮಗಳ ಕೆಲಸದ ಬಗ್ಗೆಯೂ ಕೇಳೋಣ. ಹುದ್ದೆ ಖಾಯಂ ಆದುದೋ ಗುತ್ತಿಗೆಯದೋ? ಸಂಬಳವೋ ಗೌರವಧನವೋ? ಮೇಲಿನ ಹುದ್ದೆಗೆ ದಾರಿಯಿದೆಯೇ? ಬಾಗಿಲು ಹಾಕುವುದು ಎಷ್ಟು ಹೊತ್ತಿಗೆ, ತೊಂದರೆಯಾದರೆ ಹೇಳಿಕೊಳ್ಳುವುದು ಯಾರಲ್ಲಿ? ಮಗನಿಗೆ ಮಕ್ಕಳಿಗೆ ಕಥೆ ಹೇಳುವ ಕೆಲಸವೇ ಇಷ್ಟವೆಂದಾದರೆ ಅವನನ್ನು ಗೇಲಿ ಮಾಡದಿರೋಣ. ಊರಿನ ವಾಚನಾಲಯದ ಸಮಿತಿಯಲ್ಲಿ ಸ್ತ್ರೀಯರಿಗೆ ವನಿತಾ ವೇದಿಯ ಮೂಲೆಯೊಂದನ್ನು ಬಿಟ್ಟುಕೊಟ್ಟು ಕೃತಾರ್ಥರಾಗದೆ, ಅಧ್ಯಕ್ಷತೆಯನ್ನೂ ಖಜಾಂಚಿಯ ಕೆಲಸವನ್ನೂ ಅವರಿಗೆ ವಹಿಸೋಣ. ಎರಡೂ ಖಾನೆಗಳಿಗೆ ಸೇರದ ಮಗುವು ನಮ್ಮ ಮನೆಯಲ್ಲಿ ಹುಟ್ಟಿದ್ದರೆ, ಅದರ ಓದನ್ನು ನಿಲ್ಲಿಸದಿರೋಣ. ಓದು ನಿಂತಲ್ಲಿ ಯಾವ ಕಾಯಿದೆಯ ಮೀಸಲಾತಿಯೂ ಕೈಗೆ ಎಟುಕದು.

ಕೊನೆಗೆ ನಮ್ಮ ಭಾಷೆಯ ಕುರಿತು ಒಂದು ಮಾತು. ಕನ್ನಡದ ವ್ಯಾಕರಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳೆಂದು ಮೂರು ಖಾನೆಗಳಿವೆ. ಅವನು, ಅವಳು, ಅದು. ಮೂರನೆಯದು ಕಲ್ಲಿಗೆ, ಮರಕ್ಕೆ, ಪಶುವಿಗೆ. ಮನುಷ್ಯರನ್ನು ಆ ಖಾನೆಗೆ ತಳ್ಳಿ ‘ಅದು’ ಎಂದು ಕರೆದ ಪಾಪವೂ ನಮ್ಮದೇ. ಆದರೆ ಅದೇ ಕನ್ನಡದಲ್ಲಿ ‘ಅವರು’ ಎಂಬ ಮಾತೂ ಇದೆ. ಒಬ್ಬರೇ ಇದ್ದರೂ ಗೌರವ ತೋರುವಾಗ ನಾವು ಬಹುವಚನವನ್ನು ಬಳಸುತ್ತೇವೆ. ಆ ಬಹುವಚನದಲ್ಲಿ ಹೆಣ್ಣೋ ಗಂಡೋ ಎಂಬ ಗುರುತು ಉಳಿಯುವುದಿಲ್ಲ. ಗ್ರಂಥಪಾಲ, ಗ್ರಂಥಪಾಲಕಿ ಎಂಬ ಪದಗಳು ಲಿಂಗವನ್ನು ತಿಳಿಸುತ್ತವೆ. ‘ಗ್ರಂಥಪಾಲರು ಬಂದರು, ಬಾಗಿಲು ತೆರೆದರು’ ಎಂಬಲ್ಲಿ ಬಂದವರು ಯಾರೆಂದು ಭಾಷೆ ಕೇಳುವುದಿಲ್ಲ. ಗೌರವದಿಂದ ಮಾತನಾಡುವಾಗ ಕನ್ನಡವು ಮರೆತುಬಿಡುವ ಈ ಭೇದವನ್ನು ಸಂಬಳದ ಪಟ್ಟಿಯೂ ಬಡ್ತಿಯ ಪಟ್ಟಿಯೂ ಮರೆಯುವ ದಿನ ಬರಲಿ ಎಂದು ಹಾರೈಸುತ್ತೇವೆ.